ಪನ್ನೇರಳೆ ಗುರುತಿನ ಕಂಪ್ಯೂಟರ್

ಕಂಪ್ಯೂಟರ್ ಅಂಗಡಿಯ ಜುಫ್ರಿ ಮೇಜಿನ ಕೆಳಗೆ ನುಗ್ಗಿ, ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಕಂಪ್ಯೂಟರಿನ ಪಕ್ಕದ ತಗಡನ್ನು ಎರಡೂ ಕೈಯಿಂದ ಜಗ್ಗಿದ. ತಗಡು ಕಳಚಿ ಬಂತು. ಅದರ ಹಿಂದೆಯೇ ಧೂಳಿನ ಉಂಡೆಯೊಂದು ಅವನ ಮುಖದ ಮೇಲೆ ಬಿತ್ತು. ಆಚೆ ನಡುಮನೆಯಲ್ಲಿ ಚಿಯಾ ಎಂಗ್ ಕಿಯಾಟ್ ಶವಪೆಟ್ಟಿಗೆಯಲ್ಲಿ ಮಲಗಿದ್ದ. ಪೆಟ್ಟಿಗೆಯ ಮುಚ್ಚಳವನ್ನು ಇನ್ನೂ ಗೋಡೆಗೆ ಒರಗಿಸಿಟ್ಟಿದ್ದರು.

"ಏನಾದ್ರೂ ಗೊತ್ತಾಯ್ತಾ ಮಾಮ?" ಸತ್ತವನ ಮಗಳು ಲೇ ಪೆಂಗ್ ಬಗ್ಗಿ ಕೇಳಿದಳು. ಅವಳ ಬಿಳಿ ಅಂಗಿಯ ತೋಳಿಗೆ ಸೂತಕದ ಗೋಣಿತುಂಡು ಸಿಕ್ಕಿಸಿತ್ತು.

"ನಿಮ್ಮಪ್ಪ ಇದನ್ನ ಒರೆಸಿ ಯಾವ ಕಾಲ ಆಯ್ತು ಅಂತ ಗೊತ್ತಾಯ್ತು."

ಅವನು ಮೆಮೊರಿ ಪಟ್ಟಿಗಳನ್ನು ಕಿತ್ತು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಕೂರಿಸಿದ. ಡಿಸ್ಕಿನ ವೈರು ತೆಗೆದು ಹಾಕಿದ. ಗುಂಡಿ ಒತ್ತಿದ. ಫ್ಯಾನು ಗುರ್ ಎಂದಿತು, ದೀಪ ಹತ್ತಿತು. ಆಮೇಲೆ ಕಪ್ಪು ಪರದೆಯ ಮೇಲೆ ಬೆಳಗಿನಿಂದ ಬರುತ್ತಿದ್ದ ಅದೇ ಬಿಳಿ ಸಾಲು ಬಂತು: ಶುರು ಮಾಡಲು ಏನೂ ಸಿಗುತ್ತಿಲ್ಲ.

ಬಾಗಿಲ ಬಳಿ ನಿಂತಿದ್ದ ಸ್ಯೂ ಗೇಕ್ ತುಟಿ ಆಡಿಸಿದಳು. ಎಂಗ್ ಕಿಯಾಟನ ಹೆಂಡತಿ. ಗಂಟಲಲ್ಲಿ ಗಡ್ಡೆ ಬಂದು ಅವಳ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕೊರಳಿನ ತೂತಿನ ಮೇಲೆ ಒಂದು ತೆಳು ಬಟ್ಟೆ. ತುಟಿ ಆಡುತ್ತದೆ, ಸದ್ದು ಬರುವುದಿಲ್ಲ.

"ಹಾಡು ಒಳಗೆ ಇದೆಯಾ ಇಲ್ವಾ ಅಂತ ಅಮ್ಮ ಕೇಳ್ತಿದಾಳೆ" ಎಂದಳು ಮಗಳು.

"ಇದೆ ಅಕ್ಕ. ಡಿಸ್ಕ್ ಚೆನ್ನಾಗೇ ಇದೆ. ಬಾಗಿಲು ತೆಗೀತಿಲ್ಲ ಅಷ್ಟೆ. ಅಂಗಡಿಗೆ ತಗೊಂಡ್ಹೋದ್ರೆ ನಾಳೆ ಸಂಜೆಯೊಳಗೆ ಬೇರೆ ಮೆಷಿನ್ನಿಗೆ ಹಾಕಿ ತೆಗೆದುಕೊಡ್ತೀನಿ."

ಸ್ಯೂ ಗೇಕ್ ಆಗದೆಂದು ತಲೆಯಾಡಿಸಿದಳು. ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಇವತ್ತು ಸಂಜೆಗೇ ಎಂಗ್ ಕಿಯಾಟ್ ಮಣ್ಣಿನಡಿ ಇರುತ್ತಾನೆ.

ಅಷ್ಟರಲ್ಲಿ ಸತ್ತವನ ಅಣ್ಣ ಎಂಗ್ ಹೋ ಬಂದ. ವಯಸ್ಸು ಎಂಬತ್ತರ ಹತ್ತಿರ, ಹೆಗಲ ಮೇಲೆ ಟವೆಲು, ದನಿಗೆ ಮಾತ್ರ ಮುಪ್ಪು ಬಂದಿರಲಿಲ್ಲ. ಅವರ ಪದ್ಧತಿಯಲ್ಲಿ ಹಿರಿಯರು ಕಿರಿಯರ ಹೆಣಕ್ಕೆ ಕೈಮುಗಿಯುವಂತಿಲ್ಲ, ಗೌರವಕ್ಕೆಂದು ಎದ್ದು ನಿಲ್ಲುವಂತೆಯೂ ಇಲ್ಲ. ಹಾಗಾಗಿ ಬೆಳಗಿನಿಂದ ಅವನು ಶಾಮಿಯಾನದ ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತು ಎಲ್ಲರಿಗೂ ಹುಕುಂ ಕೊಡುತ್ತಿದ್ದ.

"ಆಯ್ತಾ ನಿಮ್ಮ ರಿಪೇರಿ? ಪುರೋಹಿತ್ರು ಕಾಫಿ ಕುಡಿದು ಮುಗಿಸಿದ್ರು. ಮೊಳೆ ಹೊಡೀಬೇಕು. ಮಧ್ಯಾಹ್ನದೊಳಗೆ ಪೆಟ್ಟಿಗೆ ಹೊಸಿಲು ದಾಟ್ಬೇಕು. ಬ್ಯಾಂಡ್‌ನೋರು ಬಿಸಿಲಲ್ಲಿ ನಿಂತಿದಾರೆ."

"ಅಪ್ಪ ಬ್ಯಾಂಡ್ ಬೇಡ ಅಂದಿದ್ರು ದೊಡ್ಡಪ್ಪ."

"ಬದುಕಿದ್ದಾಗ ನಾನು ಹೇಳಿದ್ದು ಒಂದಾದ್ರೂ ಕೇಳಿದ್ನಾ? ಈಗ ಅವನ ಮಾತು ನಾನ್ಯಾಕೆ ಕೇಳ್ಲಿ? ಸದ್ದಿಲ್ದೆ ಕಳ್ಸಿದ್ರೆ ಜೆಲುಟೊಂಗ್ ಊರು ಪೂರ್ತಿ ಆಡ್ಕೊಳತ್ತೆ!"

*

ಎಂಗ್ ಕಿಯಾಟ್ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವನು. ಮದುವೆ, ದೇವಸ್ಥಾನ, ಚುನಾವಣೆ, ಯಾವುದಕ್ಕಾದರೂ ಸರಿ. ನಡುವಯಸ್ಸಿನಲ್ಲಿ ಒಂದು ಸ್ಟುಡಿಯೋದಲ್ಲಿ ಸಹಾಯಕನಾಗಿದ್ದಾಗ ಅಲ್ಲಿನ ಸೇಬಿನ ಗುರುತಿನ ಮ್ಯಾಕ್ ಕಂಪ್ಯೂಟರಿನಲ್ಲಿ ಹಾಡು ತೊಳೆಯುವುದನ್ನು ಕಲಿತಿದ್ದ. ಬೇಡದ ಸದ್ದು ತೆಗೆಯುವುದಕ್ಕೆ ಅವನು ಹೇಳುತ್ತಿದ್ದುದೇ ಹಾಗೆ, ತೊಳೆಯುವುದು. ಆ ಕೆಲಸಕ್ಕೆ ಅವನ ಕೈ ಪಳಗಿದ್ದು ಅದೊಂದರಲ್ಲೇ. ಮ್ಯಾಕ್ ಕೊಳ್ಳುವ ಯೋಗ್ಯತೆ ಅವನಿಗೆ ಯಾವತ್ತೂ ಬರಲಿಲ್ಲ.

ಹಾಗಾಗಿ ಜುಫ್ರಿಯ ಅಂಗಡಿಯಿಂದ ಬಿಡಿಭಾಗ ತಂದು ತಾನೇ ಒಂದು ಡಬ್ಬ ಕಟ್ಟಿ, ಅದರಲ್ಲಿ ಮ್ಯಾಕಿನ ಸಾಫ್ಟ್‌ವೇರ್ ಓಡಿಸಿದ. ಓಡಿಸಿದ ಎಂದು ಹೇಳುವುದು ಸುಲಭ. ಒಂದು ದಿನ ಸದ್ದು ಇಲ್ಲ, ಇನ್ನೊಂದು ದಿನ ಪರದೆ ಇಲ್ಲ. ಮಲಗಿಸಿದರೆ ಏಳುವುದಿಲ್ಲ, ಎದ್ದರೆ ಮೌಸೆಂಬ ಇಲಿ ಓಡುವುದಿಲ್ಲ. ಎಂಗ್ ಕಿಯಾಟ್ ಊಟ ಬಿಟ್ಟು ಅದರ ಮುಂದೆ ಕೂತಿರುತ್ತಿದ್ದ.

"ಏನಯ್ಯಾ, ನಿನ್ನ ಸೇಬು ಇವತ್ತು ಕೊಳೀತಾ ಮಾಗ್ತಾ?" ಎಂದು ಓಣಿಯವರು ಕೇಳುವರು.

"ಸೇಬು ದೊಡ್ಡೋರ ಮನೇಲಿ ಬಿಡತ್ತೆ. ನಮ್ದು ಪನ್ನೇರಳೆ" ಎಂದು ಅವನು ಡಬ್ಬದ ಮೇಲೆ ತಾನೇ ಬರೆದ ಪನ್ನೇರಳೆ ಹಣ್ಣನ್ನು ತೋರಿಸುವನು. ಅದೂ ನೋಡಲು ಬದನೆಕಾಯಿಯ ಹಾಗಿತ್ತು.

ಒಂದು ಸಲ ಲೇ ಪೆಂಗ್ ಅಪ್ಪನಿಗೆ ಸಹಾಯ ಮಾಡೋಣವೆಂದು, ಪರದೆಯ ಮೂಲೆಯಲ್ಲಿ ದಿನವೂ ಬೇಡುತ್ತಿದ್ದ ಅಪ್‌ಡೇಟನ್ನು ಒತ್ತಿಬಿಟ್ಟಳು. ನಿಜವಾದ ಮ್ಯಾಕ್ ಆಗಿದ್ದರೆ ಚಹಾ ಕುಡಿದು ಬರುವಷ್ಟರಲ್ಲಿ ಮುಗಿಯುತ್ತಿತ್ತು. ಪನ್ನೇರಳೆ ಪ್ರಜ್ಞೆ ತಪ್ಪಿ ಬಿತ್ತು. ಎಂಗ್ ಕಿಯಾಟ್ ಮಗಳನ್ನು ಬೈಯಲಿಲ್ಲ. ವಾರಗಟ್ಟಲೆ ಒದ್ದಾಡಿ ಅದನ್ನು ಎಬ್ಬಿಸಿದ ಮೇಲೆ ಆ ಕೋಣೆಯೊಳಗೆ ಯಾರನ್ನೂ ಬಿಡಲಿಲ್ಲ, ಹೆಂಡತಿಯೊಬ್ಬಳನ್ನು ಬಿಟ್ಟು.

ಏಕೆಂದರೆ ಅವನು ತೊಳೆಯುತ್ತಿದ್ದುದು ಅವಳ ಹಾಡುಗಳನ್ನು. ಚೀನೀ ಪಂಚಾಂಗದ ಏಳನೇ ತಿಂಗಳಲ್ಲಿ ಪ್ರೇತಗಳಿಗಾಗಿ ಕಟ್ಟುವ ವೇದಿಕೆಗಳ ಮೇಲೆ ಸ್ಯೂ ಗೇಕ್ ಹಾಡುತ್ತಿದ್ದಳು. ಆ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದು ಕಸಕ್ಕೆ ಹೋಗುವ ಮುಂಚೆ ಎಲ್ಲವನ್ನೂ ಡಬ್ಬದೊಳಗೆ ತುಂಬಿಕೊಂಡಿದ್ದ. ಆಪರೇಷನ್ ಆದಮೇಲಂತೂ ದಿನವೂ ಅದೇ ಕೆಲಸ. ಜನರೇಟರಿನ ಗುಂಯ್ ತೆಗೆದ, ಪಟಾಕಿ ತೆಗೆದ, ಯಾರದೋ ಕೆಮ್ಮು ತೆಗೆದ. ಒಂದು ಪ್ರತಿ ಕೊಡಿ ಎಂದು ಮಗಳು ಕೇಳಿದಾಗೆಲ್ಲ ಒಂದೇ ಉತ್ತರ: "ಇನ್ನೂ ಸರಿಹೋಗಿಲ್ಲ."

ಒಂದು ಸಂಜೆ ಹೆಂಡತಿಗೆ ಅವಳ ಮೊದಲ ಹಾಡು ಕೇಳಿಸಿ, ಅವನೆಂದ: "ನಾನು ಹೋದಾಗ ಬ್ಯಾಂಡು ಗೀಂಡು ಬೇಡ ಕಣೇ. ಇದನ್ನ ಹಾಕ್ಸು. ನೀನೇ ಕಳಿಸಿಕೊಟ್ಟ ಹಾಗಿರತ್ತೆ."

'ಅರ್ಧದಲ್ಲಿ ನಾನು ನಕ್ಕಿದೀನಿ. ಅದನ್ನೂ ತೆಗೀರಿ' ಎಂದು ಅವಳು ತುಟಿ ಆಡಿಸಿದಳು.

ಅವನು ಕಾಣದವನ ಹಾಗೆ ಪರದೆಯ ಕಡೆ ತಿರುಗಿಕೊಂಡ.

*

"ಇದು ಮ್ಯಾಕ್ ಅಲ್ಲ ಅಲ್ವಾ?" ಜುಫ್ರಿ ಮೇಜಿನ ಕೆಳಗಿಂದಲೇ ಹೇಳುತ್ತಿದ್ದ. "ನೀನು ಮ್ಯಾಕೇ ಕಣಪ್ಪಾ ಅಂತ ದಿನಾ ಬೆಳಿಗ್ಗೆ ಇದಕ್ಕೆ ಒಂದು ಸುಳ್ಳು ಹೇಳ್ಬೇಕು. ಆಮೇಲೇ ಏಳೋದು. ಆ ಸುಳ್ಳನ್ನ ಎಲ್ರೂ ಡಿಸ್ಕಲ್ಲೇ ಇಟ್ಟಿರ್ತಾರೆ. ಇದ್ರಲ್ಲಿ ಕಾಣ್ತಿಲ್ಲ. ಹೊಸದಾಗಿ ಬರೀಬೇಕಂದ್ರೆ ಗಂಟೆಗಟ್ಟಲೆ..."

ಮಾತು ಅರ್ಧಕ್ಕೆ ನಿಂತಿತು. ಅವನು ಡಬ್ಬದ ಹಿಂಭಾಗಕ್ಕೆ ಟಾರ್ಚ್ ಹಿಡಿದಿದ್ದ.

"ಲೇ ಪೆಂಗ್, ಇಲ್ಲಿ ನೋಡು. ಎಲ್ಲಾ ತೂತಿನಲ್ಲೂ ಧೂಳು ತುಂಬಿದೆ. ಇದೊಂದು ಮಾತ್ರ ಫಳಫಳ ಅಂತಿದೆ. ಇಲ್ಲಿ ದಿನಾ ಏನೋ ಹಾಕಿ ತೆಗೀತಿದ್ದ. ಒಂದು ಪೆನ್‌ಡ್ರೈವ್ ಇತ್ತಾ? ಯಾರೂ ಮುಟ್ಟಬಾರದು ಅಂತ ಜೊತೇಲೇ ಇಟ್ಕೊತಿದ್ನಾ?"

ಲೇ ಪೆಂಗ್ ತಾಯಿಯ ಮುಖ ನೋಡಿದಳು. ಸ್ಯೂ ಗೇಕಳ ಕೈ ತನ್ನ ಕೊರಳಿನ ಬಟ್ಟೆಯ ಮೇಲೆ ಹೋಗಿ ನಿಂತಿತ್ತು. ಕೆಂಪು ದಾರದಲ್ಲಿ ಪೋಣಿಸಿದ, ಮೂಲೆ ಸವೆದ ಒಂದು ಪೆನ್‌ಡ್ರೈವ್ ಯಾವಾಗಲೂ ಎಂಗ್ ಕಿಯಾಟನ ಕೊರಳಲ್ಲಿರುತ್ತಿತ್ತು. ಸ್ನಾನಕ್ಕೆ ಹೋದಾಗಲೂ ತೆಗೆಯುತ್ತಿರಲಿಲ್ಲ. ಓಣಿಯವರು ಅದನ್ನು ತಾಯತ ಎಂದು ಆಡಿಕೊಳ್ಳುತ್ತಿದ್ದರು. ಹೆಣಕ್ಕೆ ಬಟ್ಟೆ ತೊಡಿಸುವಾಗ, ಅವನು ಪ್ರೀತಿಸಿದ್ದು ಅವನ ಜೊತೆಗೇ ಹೋಗಲಿ ಎಂದು, ಅದಿಲ್ಲದೆ ಡಬ್ಬ ಏಳುವುದಿಲ್ಲವೆಂದು ಅರಿಯದೆ, ಅವಳೇ ಅದನ್ನು ಮತ್ತೆ ಕೊರಳಿಗೆ ಹಾಕಿದ್ದಳು.

ವಿಷಯ ಕೇಳಿದ್ದೇ ಎಂಗ್ ಹೋ ಎರಡೂ ಕೈ ಎತ್ತಿದ. "ಆಗಲ್ಲ! ಸತ್ತೋನಿಗೆ ಕೊಟ್ಟಿದ್ದನ್ನ ವಾಪಸ್ ತಗೊಳೋದುಂಟಾ? ಬೇಕು ಅಂತ ಹಿಂದೇನೇ ಬರ್ತಾನೆ. ಮನೇಲಿ ಇನ್ನೊಂದು ಹೆಣ ಬೀಳತ್ತೆ!"

"ಪುರೋಹಿತ್ರೇ, ದಾರಿ ಇಲ್ವಾ?" ಲೇ ಪೆಂಗ್ ಅವರತ್ತ ತಿರುಗಿದಳು.

ಹಳದಿ ನಿಲುವಂಗಿಯ ಪುರೋಹಿತ ಸುತ್ತಿಗೆಯನ್ನು ಕೆಳಗಿಟ್ಟ. "ಕೇಳಿ ತಗೋಬೋದಮ್ಮ. ಕೇಳದೆ ತಗೋಬಾರ್ದು."

"ಈ ಜುಫ್ರಿ ಕೈಲಿ ತೆಗೆಸಿ" ಎಂದ ಎಂಗ್ ಹೋ ತಟ್ಟನೆ. "ಅವನು ಸಾಬ್ರವನು, ಅವನಿಗೆ ನಮ್ಮ ದೋಷ ತಟ್ಟಲ್ಲ."

"ನಂಗ್ಯಾಕೆ ದೊಡ್ಡಣ್ಣ? ಬದುಕಿದ್ದಾಗ್ಲೇ ಈ ಡಬ್ಬ ಮುಟ್ಟಿದ್ರೆ ಅಟ್ಟಿಸ್ಕೊಂಡು ಬರ್ತಿದ್ದ!"

ಪುರೋಹಿತ ಎರಡು ಹಳೆಯ ನಾಣ್ಯ ತೆಗೆದು ಎಂಗ್ ಹೋನ ಅಂಗೈಯಲ್ಲಿಟ್ಟ. ಒಂದು ಮುಖ, ಒಂದು ಬೆನ್ನು ಬಿದ್ದರೆ ಸತ್ತವನು ಒಪ್ಪಿದ ಹಾಗೆ. ಎರಡೂ ಒಂದೇ ಆದರೆ ಇಲ್ಲ. ಮೂರು ಸಲ ಕೇಳಬಹುದು, ಅದಕ್ಕಿಂತ ಹೆಚ್ಚು ಕಾಡುವ ಹಾಗಿಲ್ಲ.

"ಎಂಗ್ ಕಿಯಾಟ್! ನಿನ್ನ ಅಣ್ಣ ಕೇಳ್ತಿದೀನಿ. ಕೊರಳಲ್ಲಿರೋದನ್ನ ಕೊಡ್ತೀಯೋ ಇಲ್ವೋ?"

ಎರಡೂ ಬೆನ್ನು.

"ನೋಡಿದ್ರಾ? ಈಗ್ಲೂ ನನ್ನ ಮಾತು ಕೇಳಲ್ಲ" ಎಂದು ಎಂಗ್ ಹೋ ಮತ್ತೆ ಎಸೆದ. ಈ ಸಲವೂ ಎರಡೂ ಬೆನ್ನು. ಅವನ ಮುಖದ ರಂಗು ಇಳಿಯಿತು. "ಸಾಕು. ಮುಚ್ಚಿಬಿಡಿ."

ಸ್ಯೂ ಗೇಕ್ ಬಗ್ಗಿ ನಾಣ್ಯಗಳನ್ನು ಹೆಕ್ಕಿಕೊಂಡಳು. ಪೆಟ್ಟಿಗೆಯ ತಲೆಯ ಕಡೆ ಹೋಗಿ, ಎಲ್ಲರಿಗೂ ಬೆನ್ನು ಮಾಡಿ, ಗಂಡನ ಮುಖದ ಮೇಲೆ ಬಾಗಿದಳು. ಅವಳ ತುಟಿ ಆಡುತ್ತಿದ್ದುದು ಯಾರಿಗೂ ಕಾಣಲಿಲ್ಲ. ಏನು ಕೇಳಿದಳೋ, ಅವನಿಗೆ ಮಾತ್ರ ಗೊತ್ತು. ಆ ತುಟಿಯನ್ನು ಓದಲು ಮೊದಲು ಕಲಿತವನು ಅವನೇ.

*

ಹರೆಯದಲ್ಲಿ ಒಂದು ವರ್ಷ ಏಳನೇ ತಿಂಗಳಲ್ಲಿ ಸ್ಯೂ ಗೇಕ್ ಮೊದಲ ಬಾರಿ ವೇದಿಕೆ ಹತ್ತಿದ್ದಳು. ಕೆಳಗೆ ಜನ ಕಿಕ್ಕಿರಿದಿದ್ದರು, ಮುಂದಿನ ಸಾಲು ಮಾತ್ರ ಖಾಲಿ. ಅದು ಸತ್ತವರಿಗೆಂದು ಬಿಡುವ ಸಾಲು. ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೆ ಒಬ್ಬ ತೆಳ್ಳಗಿನ ಹುಡುಗ ಟೇಪ್ ರೆಕಾರ್ಡರ್ ತಬ್ಬಿಕೊಂಡು ಬಂದು ಆ ಸಾಲಿನ ನಡುವಿನ ಕುರ್ಚಿಯಲ್ಲಿ ಕೂತುಬಿಟ್ಟ. ಜನರೇಟರಿನ ಗದ್ದಲ ಅಲ್ಲಿ ಕಡಿಮೆ, ದನಿ ಚೆನ್ನಾಗಿ ಸಿಗುತ್ತದೆ. ಅಷ್ಟೇ ಅವನ ತಲೆಯಲ್ಲಿದ್ದದ್ದು. ಜನ ಹೌಹಾರಿದರು. ಅವನ ಅಣ್ಣ ಓಡಿಬಂದು ಕಿವಿ ಹಿಡಿದು ಎಬ್ಬಿಸಿ ದರದರ ಎಳೆದುಕೊಂಡು ಹೋದ. ಹುಡುಗ ಹೋಗುತ್ತಲೇ ಯಂತ್ರವನ್ನು ಅವಳ ಕಡೆ ಎತ್ತಿ ಹಿಡಿದಿದ್ದ. ಅವಳಿಗೆ ನಗು ತಡೆಯಲಾಗಲಿಲ್ಲ.

*

ನಾಣ್ಯಗಳು ನೆಲಕ್ಕೆ ಬಿದ್ದವು. ಒಂದು ಬಿದ್ದಲ್ಲೇ ಉಳಿಯಿತು. ಇನ್ನೊಂದು ಉರುಳಿ ಪುರೋಹಿತನ ಚಪ್ಪಲಿಗೆ ತಾಗಿ, ಅಲುಗಾಡಿ ಮಲಗಿತು.

"ಒಂದು ಮುಖ, ಒಂದು ಬೆನ್ನು" ಎಂದ ಪುರೋಹಿತ. "ಕೊಟ್ಟ."

ಅವಳು ಗಂಡನ ಕೊರಳಪಟ್ಟಿಯ ಗುಂಡಿ ಬಿಚ್ಚಿ ದಾರವನ್ನು ತಲೆಯ ಮೇಲಿಂದ ತೆಗೆದಳು. ಜುಫ್ರಿ ಅದನ್ನು ಧೂಳಿಲ್ಲದ ಆ ತೂತಿಗೆ ಚುಚ್ಚಿ ಗುಂಡಿ ಒತ್ತಿದ. ಪರದೆ ಕಪ್ಪಾಯಿತು. ಬಿಳಿ ಅಕ್ಷರಗಳು ಸಾಲುಸಾಲಾಗಿ ಹರಿದವು, ಒಂದು ಕಡೆ ನಿಂತೇಬಿಟ್ಟವು. "ಬಾರೋ ಅಣ್ಣ, ಬಾರೋ" ಎಂದು ಜುಫ್ರಿ ಹಲ್ಲು ಕಚ್ಚಿದ. ಅಕ್ಷರಗಳು ಮತ್ತೆ ಹರಿದವು. ಗುಪ್ತಪದ ಕೇಳಿತು. ಸ್ಯೂ ಗೇಕ್ ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿದಳು, ಪರದೆ ತೆರೆಯಿತು, ಮತ್ತು ಅವಳು ಯಾರನ್ನೂ ಕೇಳದೆ ಪೆನ್‌ಡ್ರೈವನ್ನು ಕಿತ್ತುಕೊಂಡಳು.

"ಅಯ್ಯೋ ಅಕ್ಕ!" ಜುಫ್ರಿ ಎದೆ ಹಿಡಿದುಕೊಂಡ. ಪರದೆ ಹಾಗೇ ಇತ್ತು. "ಹೌದಲ್ಲ, ಎದ್ದಮೇಲೆ ಅದು ಬೇಡ. ಆದ್ರೆ ಆಫ್ ಮಾಡಿದ್ರೆ ಮತ್ತೆ ಏಳಲ್ಲ..."

'ಅವರ ಹತ್ರ ಕಡ ಕೇಳಿದ್ದೆ ಅಷ್ಟೆ' ಎಂದು ಅವಳ ತುಟಿ ಹೇಳಿತು. ಮಗಳು ಅದನ್ನು ದನಿ ಮಾಡಿ ಹೇಳಿದಳು.

"ಸರಿ ಅಕ್ಕ. ನಾನು ಇಲ್ಲಿಂದ ಏಳಲ್ಲ. ಎಲ್ಲಾ ಹಾಡು ನನ್ನ ಡಿಸ್ಕಿಗೆ ಇಳಿಸ್ಕೊಂಡೇ ಏಳ್ತೀನಿ."

ಅವಳು ಹೋಗಿ ದಾರವನ್ನು ಅವನ ಕೊರಳಿಗೆ ಹಾಕಿ, ಗುಂಡಿ ಹಾಕಿ, ಕಾಲರು ಸರಿಮಾಡಿದಳು. ಪೆಟ್ಟಿಗೆಗೆ ಹಾಕಲು ಮುಚ್ಚಳ ಎತ್ತಿದರು. ಮುಚ್ಚುವುದನ್ನು ನೋಡಬಾರದೆಂದು ಎಲ್ಲರೂ ಬೆನ್ನು ತಿರುಗಿಸಿದರು. ಎಂಗ್ ಹೋ ತನ್ನ ಕುರ್ಚಿಗೆ ಹೋಗಿ ಕೂತ.

ಕೋಣೆಯೊಳಗೆ ಜುಫ್ರಿ ಹಾಕಿದ ಹಾಡು ಓಡುತ್ತಿತ್ತು. ಪರದೆಯ ಮೇಲೆ ಗೆರೆ ಏರಿಳಿಯುತ್ತಿತ್ತು. ಶಾಮಿಯಾನದ ಸ್ಪೀಕರಿನಲ್ಲಿ ಚೂರೂ ಸದ್ದಿಲ್ಲ. ಜುಫ್ರಿ ಮುಂದಿನ ತೂತಿನಿಂದ ವೈರು ಕಿತ್ತು ಹಿಂದಿನದಕ್ಕೆ ಚುಚ್ಚಿದ. ಇಲ್ಲ. ಇನ್ನೊಂದಕ್ಕೆ ಚುಚ್ಚಿದ. ಇಲ್ಲ. ಸುತ್ತಿಗೆಯ ಪೆಟ್ಟು ಕೇಳಿಸಿತು. ಎಂಗ್ ಹೋ ಬ್ಯಾಂಡಿನವರ ಕಡೆ ಬೆರಳಾಡಿಸಿದ. ತುತ್ತೂರಿಯವನು ಕೆನ್ನೆ ಉಬ್ಬಿಸಿ ಒಂದು ಸ್ವರ ಊದಿಯೇಬಿಟ್ಟ.

"ಹಸಿರು, ಹಸಿರು! ಹಸಿರು ತೂತಿಗೆ ಹಾಕಿ ಮಾಮ, ಅಪ್ಪ ಹಸಿರಿಗೇ ಹಾಕ್ತಿದ್ರು!" ಲೇ ಪೆಂಗ್ ಕಿರುಚಿದಳು.

ಶಾಮಿಯಾನದ ತುಂಬ ಒಂದು ಹುಡುಗಿಯ ದನಿ ಎದ್ದಿತು. ತಿಳಿಯಾದ, ಹೆದರಿಕೆಯಿಲ್ಲದ ದನಿ. ತುತ್ತೂರಿಯವನು ತುತ್ತೂರಿ ಇಳಿಸಿದ. ಪೆಟ್ಟಿಗೆಯ ಪಕ್ಕ ನಿಂತ ಮುದುಕಿಯ ತುಟಿಗಳು ಆ ದನಿಯ ಜೊತೆಜೊತೆಗೇ ಆಡಿದವು, ಒಂದಕ್ಷರವೂ ತಪ್ಪದೆ. ನೋಡುತ್ತಿದ್ದವರ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

ಜನರೇಟರಿಲ್ಲ, ಪಟಾಕಿಯಿಲ್ಲ, ಕೆಮ್ಮಿಲ್ಲ. ಎಲ್ಲವನ್ನೂ ಅವನು ತೊಳೆದಿದ್ದ. ಎರಡನೇ ಚರಣದ ನಡುವೆ ಮಾತ್ರ, ಕಿವಿಯ ಹತ್ತಿರವೇ ಕೂಗಿದ ಹಾಗೆ, ಇನ್ನೊಂದು ದನಿ ಬಂತು:

"ಏ ಎಂಗ್ ಕಿಯಾಟ್! ಏಳೋ ಮೇಲೆ! ಅದು ಸತ್ತೋರ ಜಾಗ ಕಣೋ!"

ಕುರ್ಚಿ ಉರುಳಿದ ಸದ್ದು. ಹುಡುಗಿಯ ಕಿಸಕ್ಕೆಂಬ ನಗು. ಮತ್ತೆ ಹಾಡು.

ಎಂಗ್ ಹೋ ತನ್ನ ಹರೆಯದ ದನಿಯನ್ನು ಕೇಳಿಸಿಕೊಂಡ. ಆಮೇಲೆ ಎರಡೂ ಮಂಡಿಗೆ ಕೈಕೊಟ್ಟು ಎದ್ದ. ಹೆಗಲ ಟವೆಲು ತೆಗೆದು ತಾನು ಕೂತಿದ್ದ ಕುರ್ಚಿಯನ್ನು ಒರೆಸಿದ, ಬೆನ್ನು, ಕೈ, ಕೂರುವ ಜಾಗ. ಅದನ್ನು ಸ್ಪೀಕರಿಗೆ ನೇರವಾಗಿ ತಿರುಗಿಸಿಟ್ಟು, ಹಿಂದಿನ ಸಾಲಿಗೆ ಹೋಗಿ ನಿಂತ. ಹಾಡು ಮುಗಿಯುವವರೆಗೆ ಆ ಕುರ್ಚಿಯ ಹತ್ತಿರ ಯಾರೂ ಬರಲಿಲ್ಲ.