ಅತಿಥಿಗೆ ಕೊಡುವ ನೀರು

ಬೆಳಗ್ಗೆ ಒಂಬತ್ತೂವರೆಗೆ ಹುವೆಫಾ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ತನ್ನ ಹುಟ್ಟೂರಿಗೆ ಬಂದಳು. ಗಾನ್ವಿಯೆಯಲ್ಲಿ ಸರೋವರದ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಮನೆಗಳಲ್ಲಿ ಹುಟ್ಟಿದವರು ಯಾರೂ ಅದುವರೆಗೆ ಹಾಗೆ ಬಂದಿರಲಿಲ್ಲ.

ದಡದ ಊರಾದ ಕಾಲವಿಯ ದೋಣಿಗಟ್ಟೆಯಲ್ಲಿ ಜಾಕೆಟ್ ತೊಡಿಸುವುದು ಪ್ರವಾಸಿಗರಿಗೆ ಮಾತ್ರ. ಸರೋವರದವರನ್ನು ಯಾರೂ ಕೇಳುವುದಿಲ್ಲ. ಆದರೆ ಅವಳು ಮದುವೆಯಾಗಬೇಕೆಂದಿದ್ದ ಪ್ರೋಸ್ಪೆರ್‌ಗೆ ಈಜು ಬಾರದು. ಅವನಿಗೆ ಮುಜುಗರವಾಗದಿರಲೆಂದು ಹುವೆಫಾ ತಾನೂ ಒಂದನ್ನು ತೊಟ್ಟುಕೊಂಡಳು. ಗೆಳತಿ ಎಡ್ವಿಜ್ ಅಂತೂ ಎರಡೆರಡು ಸಲ ಪಟ್ಟಿ ಬಿಗಿದುಕೊಂಡಿದ್ದಳು. ಮೂವರೂ ಕೊಟೊನೂ ಪಟ್ಟಣದ ಒಂದೇ ಔಷಧಿ ಗೋದಾಮಿನಲ್ಲಿ ಕೆಲಸಕ್ಕಿದ್ದರು. ರಜೆಯಲ್ಲಿ ಊರೂರು ಸುತ್ತಲು ಹೊರಟವರು ಮೊದಲು ಇಲ್ಲಿಗೇ ಬಂದಿದ್ದರು.

ಎಡ್ವಿಜ್‌ಗೆ ಇದು ಪ್ರವಾಸ. ಹುವೆಫಾಳಿಗೆ ಬೇರೆ ಕೆಲಸವಿತ್ತು. ಪ್ರೋಸ್ಪೆರ್‌ನ ಮನೆಯವರು ಹೆಣ್ಣು ಕೇಳಲು ಬಂದು ಬಾಗಿಲು ತಟ್ಟಬೇಕು. ಯಾವ ದಿನ ತಟ್ಟಬಹುದೆಂದು ಹೇಳಬೇಕಾದವಳು ಅವ್ವ. ಅವಳು ಹೇಳದಿದ್ದರೆ ಸೋದರಮಾವಂದಿರು ಬಾಗಿಲು ತೆಗೆಯುವುದಿಲ್ಲ, ಮದುವೆಯೂ ಇಲ್ಲ.

ಮೊದಲ ಮನೆಗಳ ಕಂಬಗಳು ಕಂಡದ್ದೇ ತಡ ಎಡ್ವಿಜ್ ಫೋಟೋ ತೆಗೆಯಲು ಫೋನ್ ಎತ್ತಿದಳು. ಎದುರಿಗೆ ಬರುತ್ತಿದ್ದ ದೋಣಿಗಳ ಹೆಂಗಸರು ಅಗಲವಾದ ಹುಲ್ಲಿನ ಟೊಪ್ಪಿಗೆಗಳನ್ನು ಮುಖದ ಮೇಲೆ ಎಳೆದುಕೊಂಡರು. ಒಬ್ಬಳು ಹುಟ್ಟುಗೋಲಿನಿಂದ ನೀರು ಚಿಮ್ಮಿಸಿದಳು.

"ಇಳಿಸೇ ಅದನ್ನ," ಎಂದಳು ಹುವೆಫಾ.

"ನಿನ್ನ ಊರಲ್ವೇನೇ? ನೀನೇ ಹೇಳು ಅವರಿಗೆ."

"ನನ್ನ ಊರು ಅಂತಾನೇ ಇಳಿಸು ಅಂದಿದ್ದು."

ನೆರೆಮನೆಯ ಅಗೊಸು ಸೊಂಟದವರೆಗೆ ನೀರಿನಲ್ಲಿ ನಿಂತು, ಮೀನು ಬಂದು ಸೇರಲೆಂದು ನೆಟ್ಟಿದ್ದ ಕೊಂಬೆಗಳ ಬೇಲಿಯನ್ನು ಸರಿಮಾಡುತ್ತಿದ್ದ. ಮೋಟಾರು ದೋಣಿ ಹತ್ತಿರವಾದಾಗ ತಲೆ ಎತ್ತಿದ.

"ಯಾರಪ್ಪಾ ಇವರು, ಪರದೇಶದವರಾ? ಓ, ಹುವೆಫಾ. ಚೆನ್ನಾಗಿದೆ ಅಂಗಿ. ಬಿದ್ದರೂ ಮೇಲೇ ತೇಲ್ತೀಯ, ಸತ್ತ ಮೀನಿನ ಹಾಗೆ."

"ಚೆನ್ನಾಗಿದೀರಾ ಅಗೊಸು ಮಾವ?"

"ನಾನು ಯಾವ ಮಾವ? ನನ್ನ ಹೆಂಡತಿ ನಿಮ್ಮ ಗೋದಾಮಿನ ಹತ್ರ ಮೀನು ಮಾರೋಕೆ ಬಂದಿದ್ದಾಗ, ನಂದು ಕಾಲವಿ ಅಂತ ಯಾರ ಹತ್ರವೋ ಹೇಳ್ತಿದ್ದೆಯಂತೆ. ಕಾಲವಿಯಲ್ಲಿ ನನಗೆ ಸೊಸೆಯಂದಿರಿಲ್ಲ."

ಹೇಳಿದ್ದು ನಿಜ. ಮೀನಿನ ವಾಸನೆ ಎಂದು ಗೋದಾಮಿನವರು ನಗಬಾರದೆಂದು ಹೇಳಿದ್ದಳು. ಆ ಸುದ್ದಿ ಅವಳಿಗಿಂತ ಮೊದಲೇ ಮನೆ ತಲುಪಿತ್ತು.

ಅವ್ವ ದಾನ್ಸಿ ಜಗಲಿಯಲ್ಲಿ ಕೂತು ಹೊಗೆಗೆ ಇಟ್ಟ ಮೀನು ತಿರುವುತ್ತಿದ್ದಳು. ಮಗಳನ್ನು ನೋಡಿದಳು. ಆಮೇಲೆ ಜಾಕೆಟನ್ನು ನೋಡಿದಳು.

"ಬನ್ನಿ ಮೇಡಂ. ಏಣಿ ಹುಷಾರು. ತಾವು ಎಲ್ಲಿಂದ ಬಂದ್ರಿ?"

ಪ್ರವಾಸಿಗರಿಗೆಂದು ದೋಣಿಸಂತೆಯಲ್ಲಿ ಕಲಿತ ಫ್ರೆಂಚ್ ಅದು. ಅವ್ವ ಮಗಳೊಂದಿಗೆ ಫ್ರೆಂಚಿನಲ್ಲಿ ಒಂದು ಮಾತೂ ಆಡಿದವಳಲ್ಲ. ನೀವು, ತಾವು ಎಂದಂತೂ ಕರೆದವಳೇ ಅಲ್ಲ.

"ಅವ್ವಾ, ನಾನು."

"ಕೂತ್ಕೊಳ್ಳಿ ಮೇಡಂ. ದೂರದಿಂದ ಬಂದಿದ್ದೀರಿ, ಬಾಯಾರಿರುತ್ತೆ."

ತಟ್ಟೆಯಲ್ಲಿ ಮೂರು ಲೋಟ ನೀರು ಬಂತು. ಪ್ರೋಸ್ಪೆರ್ ಒಂದೇ ಗುಟುಕಿಗೆ ಕುಡಿದು ಬಾಯಿ ಒರೆಸಿಕೊಂಡ. "ಎಷ್ಟು ಮರ್ಯಾದೆಯಿಂದ ನೋಡ್ಕೋತಾರೆ," ಎಂದು ಪಿಸುಗುಟ್ಟಿದ. "ನೀನು ಸುಮ್ಮನೆ ಹೆದರಿಸಿದ್ದೆ ನನ್ನ."

ಹುವೆಫಾ ಲೋಟ ಮುಟ್ಟಲಿಲ್ಲ. ಇಲ್ಲಿ ನೀರು ತಂದುಕೊಡುವುದು ಹೊರಗಿನಿಂದ ಬಂದವರಿಗೆ. ಮನೆಮಕ್ಕಳು ಗಡಿಗೆಯಿಂದ ತಾವೇ ಮೊಗೆದುಕೊಳ್ಳುತ್ತಾರೆ. ಈ ಲೋಟ ಕುಡಿದರೆ ತಾನು ಹೊರಗಿನವಳೆಂದು ಒಪ್ಪಿದ ಹಾಗೆ. ಹೊರಗಿನವಳ ಮದುವೆಗೆ ಅವ್ವ ಯಾಕೆ ದಿನ ಹೇಳುತ್ತಾಳೆ?

"ಕುಡೀರಿ ಮೇಡಂ. ನಮ್ಮ ನೀರು ಆಗಿಬರಲ್ವಾ ತಮಗೆ?"

"ಅವ್ವಾ, ಇವನು ಪ್ರೋಸ್ಪೆರ್. ಇವನ ಮನೆಯವರು..."

"ಫೋಟೋ ತೆಗೀಬೇಕಾ? ಆ ಕಡೆಯಿಂದ ತೆಗೀರಿ, ಬಿಸಿಲು ಹೊಡೆಯಲ್ಲ."

ಹುವೆಫಾ ಎದ್ದಳು. ಲೋಟದ ನೀರನ್ನು ತಿರುಗಿ ಗಡಿಗೆಗೆ ಸುರಿದಳು. ಜಾಕೆಟ್ ಬಿಚ್ಚಿ ಕೆಳಗಿದ್ದ ಮೋಟಾರು ದೋಣಿಗೆ ಎಸೆದಳು. ಮೂಲೆಯಲ್ಲಿದ್ದ, ಕುಡಿಯುವ ನೀರು ತರುವ ಖಾಲಿ ಹಳದಿ ಕ್ಯಾನುಗಳನ್ನು ಎತ್ತಿಕೊಂಡು ಏಣಿ ಇಳಿದು, ಅವ್ವನ ದೋಣಿಯ ಹಗ್ಗ ಬಿಚ್ಚಿ, ಬಿದಿರಿನ ಗಳ ಹಿಡಿದು ನಿಂತಳು.

ಕೈ ಮರೆತುಹೋಗಿತ್ತು. ಎರಡನೇ ಒತ್ತಿಗೇ ದೋಣಿ ಅಡ್ಡ ತಿರುಗಿ ಅಗೊಸುವಿನ ಬೇಲಿಗೆ ನುಗ್ಗಿತು. ಕೊಂಬೆಗಳು ವಾಲಿದವು. ಸುತ್ತಲಿನ ಜಗಲಿಗಳಿಂದ ಗೊಳ್ಳೆಂದು ನಗೆ ಎದ್ದಿತು.

"ಜಾಕೆಟ್ ತರಿಸ್ಲಾ?" ಎಂದ ಅಗೊಸು.

ಹುವೆಫಾ ಮತ್ತೆ ಗಳ ಊರಿದಳು. ದೋಣಿ ಮತ್ತೆ ಅಡ್ಡವಾಯಿತು. ಆಗ ಹಿಂದಿನಿಂದ ಅವ್ವನ ದನಿ ಕೇಳಿತು. ಫ್ರೆಂಚ್ ಅಲ್ಲ, ಮನೆಯ ಮಾತು.

"ಕಾಲು ಅಗಲ ಮಾಡಿ ನಿಂತ್ಕೊಳ್ಳೇ, ಗೂಬೆ. ಗಳ ಹಿಂದಕ್ಕೆ ಒತ್ತು, ಪಕ್ಕಕ್ಕಲ್ಲ. ಔಷಧಿ ಡಬ್ಬ ಎಣಿಸಿ ಎಣಿಸಿ ಸೊಂಟ ಬಿದ್ದುಹೋಗಿದೆಯಾ ನಿನಗೆ?"

"ಬೈತಿದ್ದಾರಾ?" ಎಡ್ವಿಜ್ ಪ್ರೋಸ್ಪೆರ್‌ನನ್ನು ಕೇಳಿದಳು. ಅವಳು ದೇಶದ ಉತ್ತರ ಭಾಗದವಳು, ಆ ಮಾತು ಬಾರದು.

"ಚೆನ್ನಾಗೇ ಬೈತಿದ್ದಾರೆ," ಎಂದ ಅವನು. "ಮೇಡಂ ಅನ್ನೋದು ಬಿಟ್ಟಿದ್ದಾರೆ."

ಹುವೆಫಾ ನೀರು ತುಂಬಿಸಿಕೊಂಡು ವಾಪಸಾದಾಗ ಮೊಣಕಾಲವರೆಗೆ ಒದ್ದೆಯಾಗಿದ್ದಳು, ಅಂಗೈ ಕೆಂಪಾಗಿತ್ತು. ಕ್ಯಾನುಗಳನ್ನು ಗಡಿಗೆಗೆ ಬಗ್ಗಿಸಿ, ತಾನೇ ಒಂದು ಬಟ್ಟಲು ಮೊಗೆದು ಕುಡಿದಳು. ಅವ್ವ ಮೀನಿನಿಂದ ಕಣ್ಣೆತ್ತಲಿಲ್ಲ.

"ಆ ನೆಲದವನ ಮನೆಯವರಿಗೆ ಹೇಳು. ಬರೋ ಭಾನುವಾರ. ಆ ಕಿತ್ತಳೆ ವೇಷ ಹಾಕ್ಕೊಂಡು ಬಂದ್ರೆ ಏಣಿ ಮೇಲಕ್ಕೆಳೀತೀನಿ."

"ಅವನಿಗೆ ಈಜು ಬರಲ್ಲ ಅವ್ವಾ."

"ಬೀಳದೆ ಬರಲಿ. ನೀನು ಹೋಗೋಕೆ ಮುಂಚೆ ಅಗೊಸು ಬೇಲಿ ಸರಿಮಾಡು."

ಭಾನುವಾರ ಪ್ರೋಸ್ಪೆರ್ ಮತ್ತು ಅವನ ಇಬ್ಬರು ಚಿಕ್ಕಪ್ಪಂದಿರು ಹೆಣ್ಣು ಕೇಳುವ ಕಾಣಿಕೆಯ ಜಿನ್ ಸೀಸೆಗಳನ್ನು ಮಡಿಲಲ್ಲಿಟ್ಟುಕೊಂಡು ಬಂದರು. ಯಾರೂ ಜಾಕೆಟ್ ತೊಟ್ಟಿರಲಿಲ್ಲ. ಪ್ರೋಸ್ಪೆರ್ ದೋಣಿಯ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದ. ದಾನ್ಸಿ ಅವರನ್ನು ಬಿಸಿಲಲ್ಲಿ ಬಹಳ ಹೊತ್ತು ಕಾಯಿಸಿ, ಆಮೇಲೆ ಬಾಗಿಲು ತೆಗೆಸಿದಳು. ಮೂವರಿಗೂ ತಟ್ಟೆಯಲ್ಲಿ ನೀರು ತಂದಿಟ್ಟಳು. ಹುವೆಫಾಳಿಗೆ ಕೊಡಲಿಲ್ಲ.