ಅಮ್ಮನ ಹುಟ್ಟುಹಬ್ಬಕ್ಕೆ ಬಳಿದ ಗೋಡೆ

ಮುಂದಿನ ಕೋಣೆಯ ಗೋಡೆಯ ಮೇಲೆ ಹದಿನಾಲ್ಕು ತಾರೀಖುಗಳಿದ್ದವು. ನೆಲ ನಡುಗಿ ಗೋಡೆ ಬಿರುಕು ಬಿಟ್ಟಾಗಲೆಲ್ಲ ರೈಂಟ್ ಕಿವಿಯ ಮೇಲಿನ ಬಡಗಿ ಪೆನ್ಸಿಲು ತೆಗೆದು, ಬಿರುಕು ಎಲ್ಲಿ ನಿಂತಿದೆಯೋ ಅಲ್ಲಿ ಒಂದು ಅಡ್ಡಗೆರೆ ಎಳೆದು, ಪಕ್ಕದಲ್ಲಿ ಆ ದಿನದ ತಾರೀಖು ಬರೆಯುತ್ತಿದ್ದ. ಮುಂದಿನ ಸಲ ಬಿರುಕು ಗೆರೆ ದಾಟಿದರೆ ಹೊಸ ಗೆರೆ, ಹೊಸ ತಾರೀಖು. ಮೊದಲ ಗೆರೆ ಬಿದ್ದಾಗ ಮಗಳು ಆಫ್ಕೆಗೆ ಹನ್ನೊಂದು ವರ್ಷ. ಈಗ ಹತ್ತೊಂಬತ್ತು.

ಅವರ ಊರು ಎಲ್ಮರ್ಸುಮ್‌ನ ಸಕ್ಕರೆಗೆಡ್ಡೆ ಹೊಲಗಳ ಕೆಳಗೆ, ಬಹಳ ಆಳದಲ್ಲಿ, ಇಡೀ ದೇಶದ ಒಲೆ ಉರಿಸುವ ಅನಿಲವಿತ್ತು. ಅದನ್ನು ತೆಗೆಯಲು ಶುರುಮಾಡಿದಾಗ ರೈಂಟ್ ಇನ್ನೂ ಹುಟ್ಟಿರಲಿಲ್ಲ. ಅದರ ಹಣದಿಂದ ದೂರದ ಊರುಗಳಿಗೆ ಸೇತುವೆಗಳು ಬಂದವು, ರೈಲು ಬಂತು. ಅನಿಲ ಬರಿದಾದ ಆಳದ ಕಲ್ಲು ಕುಸಿಯತೊಡಗಿದ ಮೇಲೆ ನಡುಕ ಮಾತ್ರ ಇಲ್ಲಿಯವರ ಪಾಲಿಗೆ ಉಳಿಯಿತು.

ಆ ಗೋಡೆಯ ಕೆಳಗೇ ಆಫ್ಕೆಯ ಅಮ್ಮ ಸೀಪ್ಕೆಯ ಹಾಸಿಗೆ ಇತ್ತು. ಅವಳ ಶ್ವಾಸಕೋಶ ಕೆಟ್ಟಿತ್ತು. ಬೇಸಿಗೆ ಮುಗಿಯುವವರೆಗೆ ಇದ್ದರೆ ಹೆಚ್ಚು ಎಂದಿದ್ದರು ಡಾಕ್ಟರು. ಅವಳು ಬೇಡಿದ್ದು ಒಂದೇ: ಈ ಕೋಣೆಯಲ್ಲೇ, ಕಾಲುವೆ ಕಾಣುವ ಈ ಕಿಟಕಿಯ ಪಕ್ಕದಲ್ಲೇ ಸಾಯಬೇಕು. ಅದಕ್ಕೆ ದಿನಕ್ಕೆ ಎರಡು ಸಲ ದಾದಿ ಬರಬೇಕಿತ್ತು. ವಾಲಿದ ಗೋಡೆಯ ಮನೆಯೊಳಗೆ ತಮ್ಮವರನ್ನು ಕಳಿಸುವುದಿಲ್ಲ, ಹೊರಗಿನಿಂದ ಮರದ ಆಸರೆ ಕೊಟ್ಟು ಮುದ್ರೆಯಿರುವ ಕಾಗದ ತೋರಿಸಿದರೆ ಕಳಿಸುತ್ತೇವೆ ಎಂದಿತ್ತು ದಾದಿಯರ ಕಚೇರಿ. ಆಸರೆಯೂ ಮುದ್ರೆಯೂ ಬರಬೇಕಾದರೆ ಅನಿಲದ ಹಾನಿ ಅಳೆಯುವ ತಪಾಸಣೆಯವರು ಬಂದು, ಈ ಬಿರುಕು ಅನಿಲದಿಂದಲೇ ಆದದ್ದು ಎಂದು ಬರೆಯಬೇಕು. ತಪಾಸಣೆಗೆ ದಿನ ಗೊತ್ತಾಗಿತ್ತು, ಮೇ ಇಪ್ಪತ್ತೆರಡು.

ಅದಕ್ಕೆ ಮೂರು ವಾರ ಮೊದಲು ಸೀಪ್ಕೆಯ ಹುಟ್ಟುಹಬ್ಬ ಬಂತು.

"ಎಲ್ಲಾ ಬರ್ತಾರೆ. ಸುತ್ತ ಕುರ್ಚಿ ಹಾಕ್ಕೊಂಡು ಕೂತ್ಕೋತಾರೆ," ಎಂದಳು ಸೀಪ್ಕೆ, ಉಸಿರಿಗೆ ನಿಂತು ನಿಂತು. "ನನ್ನ ಮುಖ ನೋಡ್ತಾರೋ ಗೋಡೆ ನೋಡ್ತಾರೋ? ಕೊನೇ ಸಲ ಕರೀತಿರೋದು ಕಣೇ. ಬಿರುಕು ಎಣಿಸ್ಕೊಂಡು ಕೇಕ್ ತಿನ್ನೋದು ಬೇಡ. ಮುಚ್ಚಿಬಿಡು ಅದನ್ನ."

ಆಫ್ಕೆ ಅಪ್ಪನ ಮುಖ ನೋಡಿದಳು. ಅವನು ಗೋಡೆ ನೋಡಿದ.

"ತಪಾಸಣೆಯವರು ಬರೋದಿದೆಯಲ್ಲಪ್ಪ."

"ಬಂದಾಗ ಹೇಳಿದ್ರಾಯ್ತು, ಇಲ್ಲಿತ್ತು ಅಂತ," ಎಂದ ರೈಂಟ್. "ನಾವೇನು ಸುಳ್ಳು ಹೇಳ್ತೀವಾ?"

ಅವರ ಊರಿನಲ್ಲಿ ಹಸುವನ್ನೂ ಬಾಯಿಮಾತಿನಲ್ಲೇ ಮಾರುತ್ತಿದ್ದರು. ಅವನಿಗೆ ಬೇರೆ ಯೋಚನೆ ಬರಲಿಲ್ಲ. ಆಫ್ಕೆಗೂ ಬರಲಿಲ್ಲ.

ಅವಳು ಶಾಲೆ ಬಿಟ್ಟು ಮೂರು ವರ್ಷವಾಗಿತ್ತು. ತರಗತಿಯಲ್ಲಿ ಎದ್ದು ನಿಂತರೆ ಬಾಯಿ ಒಣಗುತ್ತಿತ್ತು, ಗೊತ್ತಿದ್ದ ಉತ್ತರವೂ ಹೊರಗೆ ಬರುತ್ತಿರಲಿಲ್ಲ. ಆದರೆ ಒಂದು ಕೆಲಸವನ್ನು ಯಾರಾದರೂ ಮಾಡುವುದನ್ನು ಎರಡು ಸಲ ನೋಡಿದರೆ ಕೈಗೆ ಹತ್ತಿಬಿಡುತ್ತಿತ್ತು. ಅವಳು ನಾಲ್ಕು ದಿನ ಗೋಡೆಯ ಮುಂದೆ ಕೂತಳು. ಬಿರುಕುಗಳನ್ನು ಚಾಕುವಿನಿಂದ ಕೆರೆದು, ನೀರು ಚಿಮುಕಿಸಿ, ಗಾರೆ ತುಂಬಿದಳು. ಒಣಗಿದ ಮೇಲೆ ಉಜ್ಜಿದಳು, ಮತ್ತೆ ತುಂಬಿದಳು. ಅಂಗೈ ಸವರಿ ನೋಡಿ ಎಲ್ಲೂ ತಡೆಯದಿದ್ದಾಗ ಹಾಲಿನ ಕೆನೆಯಂಥ ಬಣ್ಣ ಬಳಿದಳು. ಮೊದಲ ಸಲಕ್ಕೆ ಪೆನ್ಸಿಲಿನ ಗೆರೆಗಳು ಮಸುಕಾಗಿ ಕಾಣುತ್ತಲೇ ಇದ್ದವು. ಇನ್ನೊಂದು ಸಲ ಬಳಿದಳು. ಹದಿನಾಲ್ಕು ತಾರೀಖುಗಳೂ ಹೋದವು.

ಹುಟ್ಟುಹಬ್ಬದ ದಿನ ಹನ್ನೊಂದು ಕುರ್ಚಿ ಸುತ್ತ ಹಾಕಿ, ಅಮ್ಮನ ಹಾಸಿಗೆಯನ್ನೂ ಆ ವೃತ್ತಕ್ಕೆ ಸೇರಿಸಿದರು. ಬಂದವರು ತಮ್ಮ ಕಡೆಯ ನಮಸ್ಕಾರದಂತೆ "ಮೋಯ್" ಅನ್ನುತ್ತಾ ಸಾಲಾಗಿ ಎಲ್ಲರ ಕೈ ಕುಲುಕಿದರು. ಅಲ್ಲಿಯ ರೂಢಿಯಂತೆ ಹೆಂಡತಿ ಹುಟ್ಟಿದ್ದಕ್ಕೆ ರೈಂಟ್‌ಗೂ ಅಭಿನಂದನೆ, ಅಮ್ಮ ಹುಟ್ಟಿದ್ದಕ್ಕೆ ಆಫ್ಕೆಗೂ ಅಭಿನಂದನೆ. ರೈಂಟ್‌ನ ಅಕ್ಕ ವುಪ್ಕೆ ಕೂರುವ ಮೊದಲೇ ಗೋಡೆ ನೋಡಿ ನಿಂತುಬಿಟ್ಟಳು.

"ಏನೇ ಇದು ಸೀಪ್ಕೆ, ಹೊಸ ಮದುಮಗಳ ಕೋಣೆ ಥರ ಮಾಡಿಸಿದ್ದೀಯ! ಈ ಮುದುಕನ್ನ ಬಿಟ್ಟು ಇನ್ಯಾರನ್ನಾದ್ರೂ ನೋಡ್ಕೊಂಡಿದ್ದೀಯೋ ಹ್ಯಾಗೆ?"

"ನೋಡ್ಕೊಂಡಿದ್ದೆ. ಅವನಿಗೂ ಉಬ್ಬಸ ಅಂತೆ," ಎಂದಳು ಸೀಪ್ಕೆ.

ಎಲ್ಲರೂ ನಕ್ಕರು. ಸೀಪ್ಕೆ ನಗುತ್ತಾ ಕೆಮ್ಮಿದಳು, ಕೆಮ್ಮುತ್ತಾ ಇನ್ನಷ್ಟು ನಕ್ಕಳು. ಯಾರೋ ಪಟ ತೆಗೆದರು. ಆ ಗೋಡೆಯ ಮುಂದೆ ಮನೆಯವರು ತೆಗೆಸಿಕೊಂಡ ಪಟ ಅದೊಂದೇ.

ತಪಾಸಣೆಗೆ ಬಂದವನು ಪಶ್ಚಿಮದ ದೊಡ್ಡ ಊರಿನವನು, ಮೂವತ್ತು ದಾಟಿರದ ಸಭ್ಯ ಹುಡುಗ. ಬಾಗಿಲಲ್ಲೇ ಬೂಟು ಬಿಚ್ಚಿದ. ಆಫ್ಕೆ ಒಲೆ ಹಚ್ಚಿ ಕಾಫಿಗೆ ನೀರಿಟ್ಟಳು. ನೀಲಿ ಉರಿ ಎದ್ದಿತು. ಅವನು ಹೊರಗೆ ಗೋಡೆ ಎಷ್ಟು ವಾಲಿದೆಯೆಂದು ಅಳೆದ, ಒಳಗೆ ಬಂದು ದೀಪ ಹಿಡಿದು ಗೋಡೆಯುದ್ದಕ್ಕೂ ನೋಡಿದ.

"ನೀವು ಅರ್ಜೀಲಿ ಬರೆದಿರೋ ಬಿರುಕು ಎಲ್ಲಿ?"

"ಇಲ್ಲೇ ಇತ್ತು," ಎಂದ ರೈಂಟ್. "ಮೂಲೆಯಿಂದ ಕಿಟಕಿವರೆಗೆ. ಮುಚ್ಚಿದ್ದೀವಿ."

"ಯಾವಾಗ ಆಗಿದ್ದು? ದಾಖಲೆ ಏನಾದ್ರೂ ಇದೆಯಾ? ಪಟ?"

"ಗೋಡೆ ಮೇಲೆ ಬರೆದಿದ್ದೆ."

ಹುಡುಗ ಗೋಡೆ ನೋಡಿದ. "ನೆಲ ನಡುಗಿದಾಗ ಹೇಗಿರುತ್ತೆ? ಭಯ ಆಗುತ್ತಾ ನಿಮಗೆ?"

ಅಪ್ಪ ಏನು ಹೇಳುತ್ತಾನೆಂದು ಆಫ್ಕೆಗೆ ಗೊತ್ತಿತ್ತು. ಈ ಊರಿನಲ್ಲಿ ಕಾಫಿ ಹೇಗಿದೆ ಅಂದರೂ ಪರವಾಗಿಲ್ಲ, ಕಾಲು ಮುರಿದವನನ್ನು ಹೇಗಿದ್ದೀಯ ಅಂದರೂ ಪರವಾಗಿಲ್ಲ ಎನ್ನುವುದೇ ಉತ್ತರ. ಕಳೆದ ಚಳಿಗಾಲದಲ್ಲಿ ಕಪಾಟು ಉರುಳಿದಾಗ ಇದೇ ಅಪ್ಪ ಅಂಗಳದಲ್ಲಿ ನಿಂತು ಗಡಗಡ ನಡುಗಿದ್ದನ್ನು ಅವಳು ಕಿಟಕಿಯಿಂದ ಕಂಡಿದ್ದಳು.

"ಪರವಾಗಿಲ್ಲ," ಎಂದ ರೈಂಟ್.

ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡಳು ಆಫ್ಕೆ. ಹದಿನಾಲ್ಕು ತಾರೀಖೂ ಅವಳಿಗೆ ಬಾಯಿಪಾಠವಾಗಿತ್ತು. ಬಾಯಿ ಒಣಗಿತು. ಅಷ್ಟರಲ್ಲಿ ಹಾಸಿಗೆಯಿಂದ ಅಮ್ಮನ ದನಿ ಬಂತು.

"ಸ್ವಲ್ಪ ಮುಟ್ಟಿ ನೋಡಿ ಅದನ್ನ." ಸೀಪ್ಕೆ ಮೊಣಕೈ ಊರಿ ಎದ್ದಿದ್ದಳು, ಕಣ್ಣು ಹೊಳೆಯುತ್ತಿತ್ತು. "ಬಿರುಕಿತ್ತು ಅಂತ ಗೊತ್ತೇ ಆಗಲ್ಲ ಅಲ್ವಾ? ನನ್ನ ಮಗಳು ಮಾಡಿದ್ದು. ಒಬ್ಬಳೇ. ಚೆನ್ನಾಗಿದೆ. ಬಹಳ ಚೆನ್ನಾಗಿದೆ."

ಹುಡುಗ ಅಂಗೈ ಸವರಿ ನೋಡಿ, ಹೌದೆಂದು ತಲೆಯಾಡಿಸಿದ. ಆಮೇಲೆ ಬರೆದುಕೊಂಡ.

ಅಮ್ಮನ ಬಾಯಿಂದ ಚೆನ್ನಾಗಿದೆ ಎಂಬ ಮಾತನ್ನು ಆಫ್ಕೆ ಹತ್ತೊಂಬತ್ತು ವರ್ಷದಲ್ಲಿ ಕೇಳಿರಲಿಲ್ಲ. ಕಾಫಿಯ ತಟ್ಟೆ ಹಿಡಿದು ನಿಂತೇ ಇದ್ದಳು. ತಾನೇನು ಮಾಡಿದೆನೆಂದು ಆ ಗಳಿಗೆಯಲ್ಲಿ ಅವಳಿಗೆ ಪೂರ್ತಿ ಅರ್ಥವಾಗಿತ್ತು. ಆದರೂ ಆ ಮಾತು ಹಿಂದಕ್ಕೆ ಹೋಗಲಿ ಎಂದು ಅವಳ ಮನಸ್ಸು ಬಯಸಲಿಲ್ಲ. ಇದನ್ನು ಅವಳು ಮುಂದೆ ಯಾರಿಗೂ ಹೇಳಲಿಲ್ಲ.

ಜೂನ್ ಕೊನೆಗೆ ಕಾಗದ ಬಂತು. ಗೋಡೆ ಅಪಾಯಕರವಾಗಿ ವಾಲಿದೆ. ಹಳೆಯ ದೋಷ, ಮನೆಯವರೇ ದುರಸ್ತಿ ಮಾಡಿಕೊಂಡಿದ್ದಾರೆ, ಅನಿಲಕ್ಕೆ ಸಂಬಂಧವಿಲ್ಲ.

ರೈಂಟ್ ಎರಡು ದಿನ ಬೆವರು ಸುರಿಸಿ ತಾನೇ ಪಾಪ್ಲರ್ ಮರದ ದಿಮ್ಮಿಗಳನ್ನು ಗೋಡೆಗೆ ಆನಿಸಿ ಕಟ್ಟಿದ. ಬೆಟ್ಟದಂತೆ ಗಟ್ಟಿಯಾಗಿದ್ದವು. ದಾದಿಯರ ಕಚೇರಿಯ ಹೆಂಗಸು ಬಂದು ನೋಡಿ, "ಅಣ್ಣಾ, ನಾನು ನಂಬ್ತೀನಿ. ಆದ್ರೆ ಮುದ್ರೆ ಎಲ್ಲಿ?" ಎಂದಳು. ಅವಳ ಕಣ್ಣಲ್ಲೂ ನೀರಿತ್ತು. ವಾರದೊಳಗೆ ಸೀಪ್ಕೆಯನ್ನು ಪಟ್ಟಣದ ಆರೈಕೆಮನೆಗೆ ಸಾಗಿಸಿದರು. ಗಾಡಿಗೆ ಹತ್ತಿಸುವಾಗ ಅವಳು ಕಾಲುವೆಯ ಕಡೆ ಕತ್ತು ತಿರುಗಿಸಲು ನೋಡಿದಳು, ಹೊದಿಕೆಯ ಮೇಲೆ ಕಟ್ಟಿದ್ದ ಪಟ್ಟಿ ಬಿಗಿಯಾಗಿತ್ತು.

ಅಲ್ಲಿನ ಕಿಟಕಿಯಿಂದ ಕಾರು ನಿಲ್ಲಿಸುವ ಜಾಗ ಕಾಣುತ್ತಿತ್ತು. ಆಫ್ಕೆ ದಿನಾ ಬಸ್ಸು ಹಿಡಿದು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಹಾಸಿಗೆಯ ಪಕ್ಕ ಕೂತು, ಕಷ್ಟಪಟ್ಟು, "ಅಮ್ಮಾ, ನಾನು ಬಣ್ಣ ಬಳೀದೇ ಇದ್ದಿದ್ರೆ..." ಎಂದಳು.

ಸೀಪ್ಕೆ ಪಕ್ಕದ ಗೋಡೆಯ ಮೇಲೆ ಬೆರಳಾಡಿಸಿದಳು.

"ಇದನ್ನ ಯಾವನು ಬಳಿದಿದ್ದಾನೋ, ಬರೀ ಗಂಟು," ಎಂದಳು. "ನಿನ್ನ ಕರೆಸಬೇಕಿತ್ತು."

ಆಗಸ್ಟ್ ಹತ್ತೊಂಬತ್ತಕ್ಕೆ ತೀರಿಕೊಂಡಳು. ಬೆಳಗಿನ ಮೊದಲ ಬಸ್ಸು ಪಟ್ಟಣ ಮುಟ್ಟುವ ಮೊದಲೇ.

ಅನಿಲದ ಬಾವಿಗಳನ್ನು ಒಂದೊಂದಾಗಿ ಮುಚ್ಚುತ್ತಾರಂತೆ ಎಂದು ಊರಿನಲ್ಲಿ ಮಾತು ನಡೆದಿತ್ತು. ಮುಚ್ಚಿದರೂ ನೆಲ ಇನ್ನೆಷ್ಟೋ ವರ್ಷ ನಡುಗುತ್ತದಂತೆ. ಅಕ್ಟೋಬರಿನ ಒಂದು ಭಾನುವಾರ ಊಟಕ್ಕೆ ಕೂತಾಗ ತಟ್ಟೆಗಳು ಸಣ್ಣಗೆ ಸದ್ದು ಮಾಡಿದವು, ದೊಡ್ಡ ಲಾರಿ ಹೋದ ಹಾಗೆ. ಲಾರಿ ಇರಲಿಲ್ಲ. ಇಬ್ಬರೂ ಎದ್ದು ಮುಂದಿನ ಕೋಣೆಗೆ ಹೋದರು. ಕೆನೆಬಣ್ಣದ ಗೋಡೆಯಲ್ಲಿ ಮೂಲೆಯಿಂದ ಕಿಟಕಿಯ ಕಡೆಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು.

ರೈಂಟ್ ಕಿವಿಯ ಮೇಲಿನ ಪೆನ್ಸಿಲು ತೆಗೆದ. ಗೋಡೆಯ ಹತ್ತಿರ ಕೈ ಒಯ್ದ. ಕೈ ಅಲ್ಲೇ ನಿಂತಿತು.

"ಅವಳು ಚೆನ್ನಾಗಿದೆ ಅಂದ ಗೋಡೆ. ಇದರ ಮೇಲೆ ಹ್ಯಾಗೆ ಗೀಚೋದು? ಬಿಡು ಮಗಾ. ಪರವಾಗಿಲ್ಲ."

ಆಫ್ಕೆ ಅವನ ಬೆರಳುಗಳಿಂದ ಪೆನ್ಸಿಲನ್ನು ಬಿಡಿಸಿಕೊಂಡಳು. ಬಿರುಕಿನ ತುದಿಯಲ್ಲಿ ಅಡ್ಡಗೆರೆ ಎಳೆದಳು. ಅಂದಿನ ತಾರೀಖು ಬರೆದಳು. ಕೆಳಗೆ, ನೆನಪಿನಿಂದ, ಹಳೆಯ ಹದಿನಾಲ್ಕನ್ನೂ ಒಂದರ ಕೆಳಗೊಂದು ಬರೆಯುತ್ತಾ ಹೋದಳು. ಅಕ್ಷರ ಸೊಟ್ಟಗಿತ್ತು, ಬಣ್ಣ ಕಿತ್ತು ಬರುವಷ್ಟು ಒತ್ತಿ ಬರೆದಿದ್ದಳು.

"ಪರವಾಗಿಲ್ಲ ಅನ್ನಬೇಡಪ್ಪಾ," ಎಂದಳು, ಗೋಡೆಗೆ ಮುಖ ಮಾಡಿಕೊಂಡೇ. "ಇನ್ನು ಯಾರು ಕೇಳಿದ್ರೂ ಹಾಗನ್ನಬೇಡ."