ಕಿಟಕಿಗೆ ಬೆನ್ನು

ಅರ್ಧಕ್ಕೆ ಬಂದ ಪರದೆ ಮುಂದಕ್ಕೂ ಹೋಗಲೊಲ್ಲದು, ಹಿಂದಕ್ಕೂ ಬರಲೊಲ್ಲದು. ಸ್ಟೂಲಿನ ಮೇಲೆ ನಿಂತಿದ್ದ ಮಗಳು ಇನ್ನೊಮ್ಮೆ ಜಗ್ಗಿದಳು. ಬೆಳಗಿನ ಬಿಸಿಲು ಸೀದಾ ಅಪ್ಪನ ಮುಖಕ್ಕೆ ಹೊಡೆಯುತ್ತಿತ್ತು. ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದ್ದ ಅಪ್ಪನಿಗೆ ಇನ್ನು ಬಿಸಿಲಿನಿಂದ ತೊಂದರೆಯೇನೂ ಇರಲಿಲ್ಲ. ಆದರೂ ಅವಳಿಗೆ ನೋಡಲಾಗಲಿಲ್ಲ.

"ಜಗ್ಗಬೇಡ ಕಣಮ್ಮ," ಎಂದ ಬಾಗಿಲಲ್ಲಿ ನಿಂತ ದರ್ಜಿ. "ಒಂಚೂರು ಹಿಂದಕ್ಕೆ ತಳ್ಳಿ ಆಮೇಲೆ ಎಳಿ. ಊರೋರ ಮನೆ ಟ್ರ್ಯಾಕಿಗೆಲ್ಲ ಎಣ್ಣೆ ಬಿಟ್ಟ ಪುಣ್ಯಾತ್ಮ, ತನ್ನ ಮನೇದಕ್ಕೆ ಬಿಡೋಕೆ ಪುರುಸೊತ್ತಾಗಲಿಲ್ಲ ನೋಡು."

ಅವಳು ಹಾಗೆಯೇ ಮಾಡಿದಳು. ಪರದೆ ಸರಿಯಿತು, ಅಪ್ಪನ ಮುಖಕ್ಕೆ ನೆರಳು ಬಂತು.

ಅಪ್ಪನದು ಮನೆಮನೆಗೆ ಪರದೆಯ ಕಂಬಿ, ಟ್ರ್ಯಾಕು ಕೂರಿಸುವ ಕೆಲಸ. ಅವನು ಕಂಬಿ ಹಾಕಿದ ಕಿಟಕಿಗಳಿಗೆಲ್ಲ ಪರದೆ ಹೊಲಿದುಕೊಟ್ಟವನು ಈ ದರ್ಜಿ. ಮೂವತ್ತು ವರ್ಷದ ಜೋಡಿ. ಅಪ್ಪನಿಗೆ ಕಂಬಿಯಪ್ಪ ಎಂಬ ಅಡ್ಡಹೆಸರಿಟ್ಟವನೂ ಇವನೇ. ಅಪ್ಪನಿಗೆ ಅದರ ಬಗ್ಗೆ ಬೇಸರವೇನೂ ಇರಲಿಲ್ಲ. "ನಲವತ್ತು ವರ್ಷದಿಂದ ಕಂಬಿ ಎಣಿಸ್ತಿದ್ದೀನಿ, ಒಂದು ದಿನಾನೂ ಜೈಲು ನೋಡಿಲ್ಲ," ಎಂದು ಹೊಸ ಗಿರಾಕಿಗಳಿಗೆಲ್ಲ ತಪ್ಪದೆ ಹೇಳುತ್ತಿದ್ದ. ಹಳೆಯ ಗಿರಾಕಿಗಳಿಗೂ ಹೇಳುತ್ತಿದ್ದ ಎನ್ನಿ.

ಜನ ಬರತೊಡಗಿದರು. ಇಷ್ಟು ಜನ ಬರುತ್ತಾರೆಂದು ಮಗಳು ಎಣಿಸಿಯೇ ಇರಲಿಲ್ಲ.

"ನಮ್ಮನೆಗೆ ಬಂದೋರು ಅಳತೆ ಟೇಪೇ ತೆಗೀಲಿಲ್ಲ," ಎಂದರು ಶಾಲೆಯ ಟೀಚರಮ್ಮ. "ಒಂದು ಕುರ್ಚಿ ಕೊಡಿ ಅಂದ್ರು. ಕಾಲು ಗಂಟೆ ಕೂತ್ರು. ಆಮೇಲೆ ಕೇಳಿದ್ರು, ಬೆಳಿಗ್ಗೆ ಈ ಪರದೆ ತೆಗೆಯೋರು ಯಾರು ಅಂತ."

"ನಮ್ಮನೇಲೂ ಅದೇ ಪ್ರಶ್ನೆ," ಎಂದ ಬೇಕರಿಯವನು. "ನನ್ನ ಮಗಳು ಅಂದೆ. ಆಗ ಅವಳಿಗೆ ಐದು ವರ್ಷ. ಹಾಗಿದ್ರೆ ಹಗ್ಗ ನೇತಾಡೋ ಟ್ರ್ಯಾಕ್ ಬೇಡವೇ ಬೇಡ, ಮಗು ಕೊರಳಿಗೆ ಸುತ್ಕೊಂಡ್ರೆ ಏನು ಗತಿ ಅಂತ ಹಗುರದ ಕಂಬಿ ಹಾಕಿಕೊಟ್ರು. ನಮಗೆ ಅದು ಹೊಳೆದೇ ಇರಲಿಲ್ಲ."

"ಆ ಪ್ರಶ್ನೆ ಒಂದು ತಪ್ಪಿನಿಂದ ಕಲಿತದ್ದು," ಎಂದ ದರ್ಜಿ. "ಮೊದಮೊದಲು ಒಂದು ಮನೆಗೆ ದಪ್ಪ ಮರದ ಕಂಬಿ, ಮರದ ಬಳೆ. ಪರದೆ ನಂದೇ, ಅಸ್ತರು ಕೊಟ್ಟು ಹೊಲಿದ ಭಾರದ ಬಟ್ಟೆ. ಎಲ್ಲರೂ ಭೇಷ್ ಅಂದ್ರು. ತಿಂಗಳಾದ ಮೇಲೆ ಹೋಗಿ ನೋಡಿದ್ರೆ, ಮಟಮಟ ಮಧ್ಯಾಹ್ನ ಆ ಮನೆ ಅಜ್ಜಿ ಕತ್ತಲಲ್ಲಿ ಕೂತಿದೆ. ಗಂಟುಗಂಟು ಬೆರಳು, ಪರದೆ ಎಳೆಯೋಕಾಗಲ್ಲ. ಕೆಲಸಕ್ಕೆ ಹೋದೋರು ಸಂಜೆ ಬರೋ ತನಕ ಹಾಗೇ. ಅವತ್ತೇ ಕಂಬಿ ಬಿಚ್ಚಿ ಟ್ರ್ಯಾಕು, ಹಗ್ಗ ಹಾಕಿಕೊಟ್ಟ. ಅವತ್ತಿಂದ ಆ ಪ್ರಶ್ನೆ ಕೇಳದೆ ಟೇಪು ತೆಗೆದೋನಲ್ಲ."

ಮಗಳು ತಲೆ ತಗ್ಗಿಸಿದಳು. ಆ ಪ್ರಶ್ನೆಯನ್ನು ಅಪ್ಪ ಅವಳಿಗೂ ಕೇಳಿದ್ದ.

*

ಎರಡು ವರ್ಷದ ಹಿಂದೆ, ಅವಳ ಹೊಸ ಮನೆಯ ಹಜಾರದಲ್ಲಿ. ಗೋಡೆಯುದ್ದದ ಕಿಟಕಿ. ಅವಳ ಮನಸ್ಸಿನಲ್ಲಿ ಆಗಲೇ ಹಿತ್ತಾಳೆ ಕಂಬಿ ಹೊಳೆಯುತ್ತಿತ್ತು.

"ಬೆಳಿಗ್ಗೆ ಪರದೆ ತೆಗೆಯೋರು ಯಾರು?"

"ನಾನೇ. ಇನ್ಯಾರು?"

ಅಪ್ಪ ನೀರು ಕುಡಿಯಲು ಒಳಗೆ ಹೋದ. ಅಡುಗೆಮನೆಯಲ್ಲಿದ್ದ ಅವಳ ಅತ್ತೆಯ ಜೊತೆ ಎರಡು ಮಾತಾಡಿ ಬಂದವನೇ ಹೇಳಿದ: "ಟ್ರ್ಯಾಕ್ ಹಾಕೋಣ. ಹಗ್ಗ ಎಳೆದ್ರೆ ಸರಿಯೋ ಥರದ್ದು."

"ಅಪ್ಪ, ಹಗಲೂ ರಾತ್ರಿ ಆಸ್ಪತ್ರೇಲಿ ರೋಗಿಗಳ ಮಂಚದ ಸುತ್ತ ಅದನ್ನೇ ನೋಡ್ತೀನಿ. ಮನೇಲೂ ಅದೇನಾ?" ಅವಳು ನರ್ಸ್.

"ಇಲ್ಲಿಗೆ ಅದೇ ಸರಿ."

"ಯಾಕೆ ಅಂತನಾದ್ರೂ ಹೇಳು."

ಅಪ್ಪ ಹೇಳಲಿಲ್ಲ. ಮಾತಿಗೆ ಮಾತು ಬೆಳೆಯಿತು. "ಹಳೇ ಕಾಲದ್ದು ಬಿಟ್ಟು ನಿನಗೇನು ಗೊತ್ತು?" ಎಂದು ಅವಳು ಅಂದೇಬಿಟ್ಟಳು. ಮುಂದಿನ ವಾರ ಇನ್ನೊಬ್ಬನನ್ನು ಕರೆಸಿ ಹಿತ್ತಾಳೆ ಕಂಬಿ ಹಾಕಿಸಿದಳು. ಪರದೆ ಮಾತ್ರ ಅದೇ ದರ್ಜಿ ಹೊಲಿದುಕೊಟ್ಟ. ಕಂಬಿಯಪ್ಪನ ಮಗಳ ಮನೆಗೆ ಬೇರೆಯವನ ಕಂಬಿ!

ಅಪ್ಪ ಬರುವುದನ್ನೇನೂ ನಿಲ್ಲಿಸಲಿಲ್ಲ. ಪ್ರತಿ ಭಾನುವಾರ ಬರುತ್ತಿದ್ದ. ಆದರೆ ಬಂದವನೇ ಕುರ್ಚಿ ತಿರುಗಿಸಿ, ಕಿಟಕಿಗೆ ಬೆನ್ನು ಹಾಕಿ ಕೂರುತ್ತಿದ್ದ. ಎರಡು ವರ್ಷ ಒಂದು ಭಾನುವಾರವೂ ತಪ್ಪದೆ. ಒಮ್ಮೆ ಅವಳೇ ಕೆಣಕಿದ್ದಳು: "ನೋಡಪ್ಪ, ಕಂಬಿ ಒಂದು ಕೂದಲಿನಷ್ಟೂ ಬಾಗಿಲ್ಲ."

"ಹೌದು," ಎಂದಿದ್ದ ಅಪ್ಪ, ತಲೆ ತಿರುಗಿಸದೆ. "ಗಟ್ಟಿ ಕೆಲಸ."

ತಪ್ಪಾಯಿತು ಎನ್ನುವ ಮಾತು ಪ್ರತಿ ಭಾನುವಾರ ನಾಲಗೆಯ ತುದಿಗೆ ಬಂದು ಅಲ್ಲೇ ಉಳಿಯುತ್ತಿತ್ತು. ಇವತ್ತು ಬೆಳಿಗ್ಗೆ ಫೋನ್ ಬಂದಾಗಿನಿಂದ ಅವಳ ತಲೆಯಲ್ಲಿ ಇದ್ದದ್ದು ಅದೊಂದೇ. ಅಪ್ಪ ನನ್ನ ಮೇಲಿನ ಸಿಟ್ಟನ್ನು ಇಟ್ಟುಕೊಂಡೇ ಹೋದನೇ?

*

ಹನ್ನೊಂದರ ಹೊತ್ತಿಗೆ ಅವಳ ಗಂಡ ತಾಯಿಯನ್ನು ಕರೆತಂದ. ಅತ್ತೆಯ ಬಲಗೈಗೆ ಶಕ್ತಿಯಿಲ್ಲ. ಮೂರು ವರ್ಷದ ಹಿಂದೆ ಲಕ್ವ ಹೊಡೆದದ್ದು. ಮಗನ ಭುಜ ಹಿಡಿದು ನಿಧಾನವಾಗಿ ಬಂದು ನಿಂತರು. ಅಳಲಿಲ್ಲ.

"ಬೀಗರೇ, ಇಷ್ಟು ದಿನ ನಮ್ಮಿಬ್ಬರ ಗುಟ್ಟು ಉಳಿಸಿಕೊಂಡೆ. ಇನ್ನಾಗಲ್ಲ. ಹೇಳಿಬಿಡ್ತೀನಿ."

ಮಗಳು ತಲೆಯೆತ್ತಿದಳು. "ಏನು ಅತ್ತೆ?"

"ಅವತ್ತು ಅಡುಗೆಮನೇಲಿ ನನಗೂ ಕೇಳಿದ್ರು, ಬೆಳಿಗ್ಗೆ ಪರದೆ ತೆಗೆಯೋರು ಯಾರು ಅಂತ. ನಾನೇ ಅಂದೆ. ಇದ್ದದ್ದು ಅದೇ ತಾನೇ? ನೀನು ರಾತ್ರಿ ಡ್ಯೂಟಿ ಮುಗಿಸಿ ಸುಸ್ತಾಗಿ ಮಲಗಿರ್ತೀಯ. ಆದ್ರೆ ನನ್ನ ಕೈಗೋಸ್ಕರ ಅಂತ ಹೇಳಬೇಡಿ, ನನ್ನಿಂದ ಸೊಸೆ ಆಸೆ ಕೆಡೋದು ಬೇಡ ಅಂತ ಮಾತು ತಗೊಂಡೆ."

"ಅದಕ್ಕೇ ಹೇಳಲಿಲ್ಲವಾ?"

"ಅಷ್ಟೇ ಅಲ್ಲ ಕಣೇ. ನಿನ್ನ ಹಿತ್ತಾಳೆ ಕಂಬಿ ಹದಿನೈದೇ ದಿನಕ್ಕೆ ನಡುವೆ ಜೋತಿತ್ತು. ನೀನು ಆಸ್ಪತ್ರೆಗೆ ಹೋದಾಗ ಬಂದು ಕಂಬಿಗೆ ಆಸರೆಯಾಗಿ ಮಧ್ಯೆ ಮೂರನೇ ಬ್ರಾಕೆಟ್ ಕೂರಿಸಿದ್ರು. ನನಗೊಂದು ಕೊಕ್ಕೆ ಕೋಲು ಮಾಡಿಕೊಟ್ರು, ಎಡಗೈಲೇ ಎಳೆಯೋ ಹಾಗೆ. ಪರದೆ ಹಿಂದೆ ಮೂಲೇಲಿ ಇರುತ್ತೆ. ನೀನು ಆ ಮೂಲೆ ಗುಡಿಸೋಕೆ ಬಂದಾಗ್ಲೆಲ್ಲ ನನ್ನ ಹಾಸಿಗೆ ಕೆಳಗೆ ಬಚ್ಚಿಡ್ತಿದ್ದೆ, ಕಳ್ಳಿ ಹಾಗೆ."

ಗಟ್ಟಿ ಕೆಲಸ. ಮಗಳ ಕಿವಿ ಬಿಸಿಯಾಯಿತು. "ಮತ್ತೆ ಕಿಟಕಿಗೆ ಬೆನ್ನು ಹಾಕಿ ಯಾಕೆ ಕೂರ್ತಿದ್ದ?"

"ನಾನೂ ಕೇಳಿದೆ. ಆ ಬ್ರಾಕೆಟ್ ನೋಡಿದ್ರೆ ನಗು ತಡೆಯೋಕಾಗಲ್ಲ, ಮಗಳಿಗೆ ಗುಟ್ಟು ಗೊತ್ತಾಗಿಬಿಡುತ್ತೆ ಅಂದ್ರು. ಇನ್ನೊಂದು ಮಾತೂ ಅಂದ್ರು. ಆ ಕಿಟಕಿಗೆ ಹಿತ್ತಾಳೇನೇ ಒಪ್ಪೋದು, ನನ್ನ ಮಗಳ ಕಣ್ಣು ಸರಿಯಾಗಿದೆ ಅಂತ."

ಅವಳು ಅಪ್ಪನ ಪಕ್ಕ ಕುಸಿದು ಕೂತಳು. ಬೆಳಗಿನಿಂದ ಬಾರದ ಅಳು ಈಗ ಬಂತು. ದುಃಖಕ್ಕಿಂತ ಋಣವೇ ಹೆಚ್ಚಾಗಿದ್ದ ಅಳು. ಅಪ್ಪನ ಹೆಬ್ಬೆರಳು ಹಿಡಿದುಕೊಂಡು, "ಗಟ್ಟಿ ಕೆಲಸ ಅಪ್ಪ," ಎಂದಳು, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

*

ಎಲ್ಲ ಮುಗಿಸಿ ತಮ್ಮ ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಹಜಾರ ಮಾತ್ರ ಮಬ್ಬು. ಬೆಳಗಿನ ಗಡಿಬಿಡಿಯಲ್ಲಿ ಪರದೆ ತೆಗೆದವರೇ ಇರಲಿಲ್ಲ. ತೆಗೆಯಲೆಂದು ಕೈ ಎತ್ತಿದವಳು ಹಾಗೆಯೇ ಇಳಿಸಿದಳು.

ಕಳೆದ ಭಾನುವಾರ ಅಪ್ಪ ಕೂತು ಎದ್ದುಹೋದ ಕುರ್ಚಿ ಗೋಡೆಯ ಕಡೆ ಮುಖಮಾಡಿಕೊಂಡೇ ಇತ್ತು. ಅದನ್ನು ಕಿಟಕಿಯ ಕಡೆ ತಿರುಗಿಸಿ ಕೂತಳು.

"ಅತ್ತೆ, ನೀವೇ ತೆಗೀರಿ."

ಅತ್ತೆ ಮೂಲೆಯಿಂದ ಕೋಲು ಹೊರತೆಗೆದರು. ಹಿಡಿಗೆ ಪರದೆಯದೇ ಬಟ್ಟೆ ಸುತ್ತಿ ಅಚ್ಚುಕಟ್ಟಾಗಿ ಹೊಲಿದಿತ್ತು. ಅಂದರೆ ಆ ದರ್ಜಿಯೂ ಇದರಲ್ಲಿ ಶಾಮೀಲು! ಅತ್ತೆ ಎಡಗೈಯಿಂದ ಕೊಕ್ಕೆಯನ್ನು ಬಳೆಗೆ ಸಿಕ್ಕಿಸಿ ಎಳೆದರು. ಬಳೆಗಳು ಒಂದರ ಹಿಂದೊಂದು ಕಿಣಿಕಿಣಿ ಎನ್ನುತ್ತ ಸರಿದವು. ಬೆಳಕು ನೆಲಕ್ಕೆ ಬಿದ್ದು, ಕುರ್ಚಿಯ ಕಾಲಿಗೆ ಬಂದು, ಅವಳ ಮಡಿಲು ತುಂಬಿತು.

ಕಂಬಿಯ ನಡುಮಧ್ಯೆ ಮೂರನೇ ಬ್ರಾಕೆಟ್. ಉಳಿದೆರಡಕ್ಕಿಂತ ಅದರ ಬಣ್ಣ ಒಂಚೂರು ತಿಳಿ. ಎರಡು ವರ್ಷ ಅದರ ಕೆಳಗೇ ಓಡಾಡಿದ್ದಳು, ಬ್ರಾಕೆಟ್ ಎಷ್ಟಿವೆಯೆಂದು ಎಣಿಸಿರಲೇ ಇಲ್ಲ. ಅದನ್ನು ನೋಡುತ್ತ ನೋಡುತ್ತ ಅವಳಿಗೆ ನಗು ಉಕ್ಕಿಬಂತು. ಅತ್ತು ಒದ್ದೆಯಾದ ಕಣ್ಣು ಇನ್ನೂ ಆರಿರಲಿಲ್ಲ. ಬಾಯಿಗೆ ಸೆರಗು ಒತ್ತಿಹಿಡಿದರೂ ನಗು ನಿಲ್ಲಲಿಲ್ಲ. ಆದರೂ ಅಪ್ಪನ ಹಾಗೆ ಕುರ್ಚಿಯನ್ನು ಮಾತ್ರ ಅವಳು ತಿರುಗಿಸಲಿಲ್ಲ.